ಚಳಿ ಎಣಿಸುವ ಎಸಳು

ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಅಡುಗೆಮನೆಯ ಬೆಳ್ಳುಳ್ಳಿ ಬುಟ್ಟಿಗೆ ಒಮ್ಮೆ ಕೈ ಹಾಕಿ ನೋಡಿ. ಬೇಸಿಗೆಯ ಧಗೆಯಲ್ಲೂ ಆಷಾಢದ ತೇವದಲ್ಲೂ ಸುಮ್ಮನೆ ಬಿದ್ದುಕೊಂಡಿದ್ದ ಎಸಳುಗಳ ತುದಿಯಲ್ಲಿ ಹಸಿರು ಇಣುಕುತ್ತಿರುತ್ತದೆ. ಮಣ್ಣಿಲ್ಲ, ನೀರಿಲ್ಲ, ಆದರೂ ಮೊಳಕೆ. ನಮ್ಮ ಅಂಗಡಿಗಳಿಗೆ ಬರುವ ಬೆಳ್ಳುಳ್ಳಿಯಲ್ಲಿ ದೊಡ್ಡ ಪಾಲು ಮಧ್ಯಪ್ರದೇಶದ ಮಂದಸೌರ್, ನೀಮಚ್ ಸೀಮೆಯದು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಅಲ್ಲಿ ಕೀಳುತ್ತಾರೆ. ಕಿತ್ತ ಗಡ್ಡೆಗೆ ಕೆಲವು ತಿಂಗಳು ನಿದ್ದೆ. ಆಗ ಮಣ್ಣಿಗಿಟ್ಟು ನೀರು ಹಾಕಿದರೂ ಬೇಗ ಏಳುವುದಿಲ್ಲ. ಮಳೆಗಾಲ ಹಿಂದೆ ಸರಿಯುವಾಗ ನಿದ್ದೆ ಮುಗಿದಿರುತ್ತದೆ, ಬಿತ್ತನೆಯ ಕಾಲವೂ ಬಂದಿರುತ್ತದೆ.

ಈ ಹಸಿರು ಕಂಡ ಕೂಡಲೇ ಎಸಳನ್ನು ಕುಂಡಕ್ಕೆ ಚುಚ್ಚುವುದು ಎಲ್ಲರೂ ಮಾಡುವ ಕೆಲಸ. ವಾರದಲ್ಲಿ ಗರಿ ಏಳುತ್ತದೆ, ತಿಂಗಳೊಪ್ಪತ್ತಿನಲ್ಲಿ ಗೇಣು ದಾಟುತ್ತದೆ, ಮನೆಗೆ ಬಂದವರಿಗೆಲ್ಲ ತೋರಿಸಿದ್ದೂ ಆಗುತ್ತದೆ. ಕೊನೆಗೆ ಆಸೆಯಿಂದ ಕಿತ್ತರೆ ಕೆಳಗೆ ಈರುಳ್ಳಿ ಸೊಪ್ಪಿನ ಬುಡದಂಥ ದಪ್ಪ ಕತ್ತು ಮಾತ್ರ. ಗಡ್ಡೆ ಇಲ್ಲ. ತಾರಸಿ ತೋಟದವರು ನಾಲ್ಕು ಮಂದಿ ಸೇರಿದಲ್ಲೆಲ್ಲ ಕೇಳಿಬರುವ ದೂರು ಇದು. ಕೆಲವರು ಮಣ್ಣನ್ನು ಬೈಯುತ್ತಾರೆ, ಕೆಲವರು ತಮ್ಮ ಕೈಗುಣವನ್ನು. ನನ್ನ ಪ್ರಕಾರ ಇಬ್ಬರೂ ಬೈಯಬೇಕಾದ್ದು ಕ್ಯಾಲೆಂಡರನ್ನು. ಬದನೆ, ಮೆಣಸಿನ ಗಿಡಗಳು ಆರೈಕೆಗೆ ಒಲಿಯುತ್ತವೆ. ಬೆಳ್ಳುಳ್ಳಿ ಎಷ್ಟು ಚಳಿ ಬಿತ್ತು, ಹಗಲು ಎಷ್ಟು ಉದ್ದವಾಯಿತು ಎಂದು ತನ್ನದೇ ಲೆಕ್ಕ ಇಟ್ಟುಕೊಳ್ಳುತ್ತದೆ. ಲೆಕ್ಕ ಕೂಡಿದರೆ ಗಡ್ಡೆ, ತಪ್ಪಿದರೆ ಬರೀ ಗರಿ. ಹೊಸಬರು ಮೊದಲು ಆ ಲೆಕ್ಕ ಕಲಿತರೆ ಸಾಕು, ಮಣ್ಣು ಗೊಬ್ಬರದ ಪಾಠ ಆಮೇಲೆ ತಾನೇ ಬರುತ್ತದೆ.

ಈ ಸ್ವಭಾವ ಅದಕ್ಕೆ ತವರಿನಿಂದ ಬಂದದ್ದು. ಬೆಳ್ಳುಳ್ಳಿಯ ಮೂಲ ಮಧ್ಯ ಏಷ್ಯಾ. ತಿಯಾನ್ ಶಾನ್ ಪರ್ವತಗಳ ಸುತ್ತಿನ ಆ ಸೀಮೆಯಲ್ಲಿ ಚಳಿಗಾಲವೆಂದರೆ ಹಿಮ, ಬೇಸಿಗೆಯೆಂದರೆ ಉದ್ದ ಹಗಲು ಮತ್ತು ಒಣ ನೆಲ. ಹಿಮ ಕರಗಿದ ಮೇಲೆ ಎಲೆ ಬೆಳೆಸಿ, ನೆಲ ಒಣಗುವ ಮೊದಲು ಆಹಾರವನ್ನೆಲ್ಲ ಬುಡಕ್ಕೆ ಇಳಿಸಿಕೊಂಡು, ಬೇಸಿಗೆಯನ್ನು ಮಣ್ಣೊಳಗೆ ಮಲಗಿ ಕಳೆಯುವುದು ಅದರ ಉಪಾಯ. ಗಡ್ಡೆ ಎಂದು ನಾವು ಕರೆಯುವುದು ಆ ಉಗ್ರಾಣವನ್ನೇ. ಚಳಿ ತಾಕಿದ್ದು ಖಾತ್ರಿಯಾಗದೆ, ಹಗಲು ಬೆಳೆದದ್ದು ಕಾಣದೆ, ಉಗ್ರಾಣ ಕಟ್ಟುವ ಕೆಲಸಕ್ಕೆ ಅದು ಕೈ ಹಾಕುವುದಿಲ್ಲ.

ಇಲ್ಲೊಂದು ಕುತೂಹಲದ ಸಂಗತಿ. ಅದೇ ತಿಯಾನ್ ಶಾನ್ ಶ್ರೇಣಿಯ ದಕ್ಷಿಣದ ತಪ್ಪಲಿನಲ್ಲಿರುವ ಕುಚಾ ಎಂಬಲ್ಲಿ 1890ರಲ್ಲಿ ಹ್ಯಾಮಿಲ್ಟನ್ ಬೋವರ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ ಭೂರ್ಜಪತ್ರದ ಮೇಲೆ ಬರೆದ ಹಳೆಯ ಸಂಸ್ಕೃತ ಹಸ್ತಪ್ರತಿ ಸಿಕ್ಕಿತು. ಈಗ ಅದು ಆಕ್ಸ್‌ಫರ್ಡಿನಲ್ಲಿದೆ, ಬೋವರ್ ಹಸ್ತಪ್ರತಿ ಎಂದೇ ಹೆಸರು. ವೈದ್ಯ ವಿಷಯವೇ ಹೆಚ್ಚಾಗಿರುವ ಆ ಹಸ್ತಪ್ರತಿಯ ಮೊದಲ ಭಾಗ ಶುರುವಾಗುವುದು ಬೆಳ್ಳುಳ್ಳಿಯ ಹುಟ್ಟು ಮತ್ತು ಗುಣಗಳಿಂದ. ಒಂದು ಕಡೆ ಮಡಿಯವರ ಅಡುಗೆಮನೆಯಿಂದ ಹೊರಗೆ, ಇನ್ನೊಂದು ಕಡೆ ಬಾಣಂತಿಯ ತಟ್ಟೆಯಲ್ಲಿ ಮೊದಲ ಸ್ಥಾನ. ಬೆಳ್ಳುಳ್ಳಿಯ ವಿಷಯದಲ್ಲಿ ಈ ಇಬ್ಬಗೆಯ ನಡವಳಿಕೆ ನಮ್ಮಲ್ಲಿ ಇವತ್ತಿನದಲ್ಲ.

ಬೆಳ್ಳುಳ್ಳಿ ಬೀಜ ಕಟ್ಟುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಸಾವಿರಾರು ವರ್ಷ ಎಸಳಿನಿಂದಲೇ ಬೆಳೆಸುತ್ತಾ ಬಂದು ಆ ಶಕ್ತಿ ಹೆಚ್ಚುಕಡಿಮೆ ಕಳೆದುಹೋಗಿದೆ. ನೀವು ನೆಡುವ ಎಸಳಿನಿಂದ ಬರುವುದು ಮಗು ಅಲ್ಲ, ತಾಯಿಯೇ. ಆದ್ದರಿಂದ ಯಾವ ಗಡ್ಡೆಯನ್ನು ನೆಡುತ್ತೀರಿ ಎನ್ನುವುದರಲ್ಲೇ ಅರ್ಧ ಫಲ ತೀರ್ಮಾನವಾಗಿಬಿಡುತ್ತದೆ.

ಹಗಲಿನ ಲೆಕ್ಕ ಹೀಗೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಜೂನ್ 21ರದು, ಅದೂ 13 ಗಂಟೆಗೆ ಕೆಲವು ನಿಮಿಷ ಕಡಿಮೆ. ಶ್ರೀನಗರದಲ್ಲಿ ಅದೇ ದಿನ 14 ಗಂಟೆ ದಾಟುತ್ತದೆ. ಹಿಮಾಲಯದ ತಪ್ಪಲಿಗೆಂದು ಬಿಡುಗಡೆಯಾದ ಅಗ್ರಿಫೌಂಡ್ ಪಾರ್ವತಿಯಂಥ ತಳಿಗಳು ಇಂಥ ಉದ್ದ ಹಗಲಿಗೆ ಒಗ್ಗಿದವು. ಹೊರದೇಶದ ದಪ್ಪ ಎಸಳಿನ ಎಷ್ಟೋ ಬಗೆಗಳೂ ಹಾಗೆಯೇ. ಅವನ್ನು ತಂದು ಮೈಸೂರಿನ ತಾರಸಿಯಲ್ಲಿಟ್ಟರೆ ಅವು ಕಾಯುವ ಹಗಲು ಬರುವುದೇ ಇಲ್ಲ. ಗೊಬ್ಬರ ಸುರಿದಷ್ಟೂ ಗರಿ ಬೆಳೆಯುತ್ತದೆ, ಅಷ್ಟೇ. ಬಯಲುಸೀಮೆಗೆ ಬೇಕಾದದ್ದು ಹನ್ನೊಂದು, ಹನ್ನೆರಡು ಗಂಟೆಯ ಹಗಲಿಗೇ ಗಡ್ಡೆ ಕಟ್ಟುವ ಬಗೆ. ನಾಸಿಕ್‌ನ ರಾಷ್ಟ್ರೀಯ ತೋಟಗಾರಿಕಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನದ ಯಮುನಾ ಸಫೇದ್, ಅಗ್ರಿಫೌಂಡ್ ವೈಟ್ ಅಂಥವು. ಪುಣೆ ಬಳಿಯ ರಾಜಗುರುನಗರದಲ್ಲಿ ಈರುಳ್ಳಿ, ಬೆಳ್ಳುಳ್ಳಿಗೆಂದೇ ಇರುವ ಕೇಂದ್ರ ಸಂಶೋಧನಾ ನಿರ್ದೇಶನಾಲಯದಿಂದ ಬಂದ ಭೀಮಾ ಓಂಕಾರ್, ಭೀಮಾ ಪರ್ಪಲ್ ಕೂಡ ಹಾಗೆಯೇ. ಇವುಗಳ ಹೆಸರು ಹಿಡಿದು ಹುಡುಕಲಾಗದವರು ಗದಗ, ಹಾವೇರಿ ಕಡೆಯ ಸಂತೆಯಲ್ಲಿ ಸಿಗುವ ಜವಾರಿ ಬೆಳ್ಳುಳ್ಳಿ ತರಿಸಿಕೊಂಡರೆ ಕಣ್ಣುಮುಚ್ಚಿ ನೆಡಬಹುದು.

ಅಂಗಡಿಯಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. ನೋಡಲು ಚೆಂದವಾಗಿ, ಹಾಲಿನಷ್ಟು ಬೆಳ್ಳಗೆ, ದೊಡ್ಡ ಎಸಳು ಹತ್ತರೊಳಗೇ ಇರುವ ಗಡ್ಡೆ ಸುಲಿಯಲು ಸುಖ, ನೆಡಲು ಅನುಮಾನ. ಸಣ್ಣ ಗಾತ್ರ, ಸಿಪ್ಪೆಯಲ್ಲಿ ತುಸು ನಸುಗೆಂಪು ಅಥವಾ ನೇರಳೆ ಛಾಯೆ, ಒಳಗೆ ಹದಿನೈದು ಇಪ್ಪತ್ತು ಎಸಳು ಒತ್ತೊತ್ತಾಗಿರುವುದು ನಮ್ಮ ಹಗಲಿಗೆ ಒಗ್ಗುವ ಜಾತಿ. ಚೀನಾದ ಬೆಳ್ಳುಳ್ಳಿಯ ಆಮದನ್ನು ಶಿಲೀಂಧ್ರ ರೋಗದ ಭಯಕ್ಕೆ ಸರ್ಕಾರ 2014ರಲ್ಲೇ ನಿಷೇಧಿಸಿದೆ. ಆದರೂ ಅದು ಕಳ್ಳದಾರಿಯಲ್ಲಿ ಬಂದು ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತಿರುತ್ತದೆ. ಅದನ್ನು ತಿನ್ನಬೇಕೇ ಎಂಬ ಚರ್ಚೆ ಹಾಗಿರಲಿ, ಕುಂಡಕ್ಕಂತೂ ಬೇಡ. ರೋಗವನ್ನು ಮನೆ ಮಣ್ಣಿಗೆ ನಾವೇ ತಂದು ಹಾಕಿಕೊಂಡ ಹಾಗಾಗುತ್ತದೆ.

ಇನ್ನು ಊಟಿ ಬೆಳ್ಳುಳ್ಳಿ. ಬೆಂಗಳೂರು, ಮೈಸೂರಿನ ಮಾರುಕಟ್ಟೆಗಳಲ್ಲಿ ಇದಕ್ಕೆ ಬೇರೆಯೇ ಮರ್ಯಾದೆ, ಬೇರೆಯೇ ಬೆಲೆ. ನೀಲಗಿರಿಯ ಫಸಲು ಇಳಿಯುವ ಮೇಟುಪಾಳ್ಯಂ ಮಂಡಿಗೆ ಉತ್ತರ ಭಾರತದ ವ್ಯಾಪಾರಿಗಳು ಬಿತ್ತನೆಗೆಂದೇ ಕೊಳ್ಳಲು ಬರುತ್ತಾರೆ. ಕೊಡೈಕೆನಾಲ್ ಬೆಟ್ಟದ ಬೆಳ್ಳುಳ್ಳಿಗಂತೂ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಆದರೆ ಇವು ಬೆಟ್ಟದ ತಂಪಿನಲ್ಲಿ ಬೆಳೆದವು. ಕೊಡಗಿನಲ್ಲೋ ಚಿಕ್ಕಮಗಳೂರಿನ ಎತ್ತರದಲ್ಲೋ ಇರುವವರು ಪ್ರಯತ್ನಿಸಿ ನೋಡಬಹುದು. ಬಯಲಿನವರಿಗೆ ನನ್ನ ಸಲಹೆ, ಮೊದಲ ವರ್ಷ ಜವಾರಿಯೇ ಇರಲಿ.

ಚಳಿಯ ಲೆಕ್ಕ ಊರಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳ ಸರಾಸರಿ ಉಷ್ಣಾಂಶ 15, 16 ಡಿಗ್ರಿ. ಧಾರವಾಡ, ವಿಜಯಪುರ, ಬೀದರ್ ಕಡೆ ಕೆಲವು ರಾತ್ರಿ ಅದಕ್ಕಿಂತ ಚೆನ್ನಾಗಿಯೇ ಕೊರೆಯುತ್ತದೆ. ಮಂಗಳೂರು, ಉಡುಪಿಯಲ್ಲಿ ಆ ದಿನಗಳಲ್ಲೂ ಬೆಳಗಿನ ಜಾವ ಇಪ್ಪತ್ತರ ಆಚೀಚೆಗೇ ನಿಂತುಬಿಡುತ್ತದೆ. ಕರಾವಳಿಯವರು ಗಡ್ಡೆಯ ಆಸೆ ಇಟ್ಟುಕೊಳ್ಳದೆ ಗರಿಗೆಂದೇ ಬೆಳೆಯುವುದು ಜಾಣತನ. ಉಳಿದವರಿಗೆ ಇರುವ ಅವಕಾಶ ಚಳಿಗಾಲದ ಆ ಎರಡೂವರೆ ತಿಂಗಳು. ಅಷ್ಟರಲ್ಲಿ ಗಿಡ ಸಾಕಷ್ಟು ಗರಿ ಬಿಟ್ಟು ನಿಂತಿರಬೇಕು. ಹಾಗಾಗಬೇಕಾದರೆ ಚಿತ್ತಾ ಮಳೆಗೂ ಸ್ವಾತಿ ಮಳೆಗೂ ನಡುವೆ, ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ, ಎಸಳು ಮಣ್ಣು ಸೇರಬೇಕು. ದೀಪಾವಳಿ ನವೆಂಬರ್ ಮಧ್ಯಕ್ಕೆ ಬಿದ್ದ ವರ್ಷ ಹಬ್ಬ ಮುಗಿಸಿ ನೆಡೋಣ ಎಂದು ಕುಳಿತವರಿಗೆ ತಡವಾಯಿತೆಂದೇ ಅರ್ಥ. ಉತ್ತರ ಕರ್ನಾಟಕದ ರೈತರು ಜೂನ್, ಜುಲೈನಲ್ಲಿ ಮುಂಗಾರಿಗೂ ಹಾಕುತ್ತಾರೆ, ನಿಜ. ಅದು ನೀರು ಬಸಿಯುವ ಹೊಲ, ಪಳಗಿದ ಕೈ ಇರುವವರ ಮಾತು. ಹೊಸಬರು ಹಿಂಗಾರನ್ನೇ ಹಿಡಿಯಲಿ.

ಚಳಿ ಕಡಿಮೆ ಬೀಳುವ ಊರಿನವರಿಗೆ ಮನೆಯಲ್ಲೇ ಒಂದು ಉಪಾಯವಿದೆ, ಫ್ರಿಜ್. ನೆಡಬೇಕಾದ ಗಡ್ಡೆಗಳನ್ನು ಬಿಡಿಸದೆ ಕಾಗದದ ಚೀಲದಲ್ಲಿ ಹಾಕಿ, ತರಕಾರಿ ಇಡುವ ಕೆಳಗಿನ ಡಬ್ಬಿಯಲ್ಲಿ ಒಂದರಿಂದ ಒಂದೂವರೆ ತಿಂಗಳು ಇಡುವುದು. ಗಣೇಶನನ್ನು ನೀರಿಗೆ ಬಿಟ್ಟು ಬಂದ ಮೇಲೆ ಒಳಗಿಟ್ಟರೆ ಚಿತ್ತಾ ಮಳೆಯ ಹೊತ್ತಿಗೆ ತೆಗೆಯಬಹುದು. ಎಸಳಿಗೆ ಇದು ಕಳ್ಳ ಚಳಿಗಾಲ. ಹಿಮ ಕಳೆಯಿತು ಎಂದು ತಿಳಿದು ಅದು ಗಡ್ಡೆ ಕಟ್ಟಲು ಬೇಗ ಮನಸ್ಸು ಮಾಡುತ್ತದೆ. ಎರಡು ಎಚ್ಚರಿಕೆ ಇವೆ. ಫ್ರೀಜರಿಗೆ ಹಾಕಿದರೆ ಎಸಳು ಸತ್ತೇ ಹೋಗುತ್ತದೆ. ಹೊರತೆಗೆದ ಗಡ್ಡೆಯನ್ನು ಮತ್ತೆ ಬುಟ್ಟಿಯಲ್ಲಿಟ್ಟು ಮರೆಯಬಾರದು, ಒಂದೆರಡು ದಿನದೊಳಗೆ ನೆಡಬೇಕು. ಹೆಚ್ಚು ಚಳಿಯಾದರೆ ಹೆಚ್ಚು ಒಳ್ಳೆಯದು ಎಂದುಕೊಂಡು ತಿಂಗಳುಗಟ್ಟಲೆ ಇಟ್ಟರೂ ಪ್ರಯೋಜನವಿಲ್ಲ. ಗರಿ ಬೆಳೆಯುವ ಮೊದಲೇ ಗಡ್ಡೆಗೆ ತೊಡಗಿ, ಎಲ್ಲವೂ ಗೋಲಿ ಗಾತ್ರಕ್ಕೆ ನಿಂತುಬಿಡುತ್ತದೆ.

ಕುಂಡದ ವಿಷಯದಲ್ಲಿ ಅಂಥ ದೊಡ್ಡ ವಿದ್ಯೆ ಏನಿಲ್ಲ. ಬೇರು ಆಳಕ್ಕೆ ಹೋಗುವುದಿಲ್ಲ, ಎಂಟು ಒಂಬತ್ತು ಇಂಚು ಆಳ ಧಾರಾಳ ಸಾಕು. ಗ್ರೋ ಬ್ಯಾಗ್, ಹಳೆಯ ಟಬ್, ತಳ ತೂತು ಮಾಡಿದ ತರಕಾರಿ ಕ್ರೇಟ್, ಯಾವುದಾದರೂ ಸರಿ. ನೀರು ನಿಲ್ಲಬಾರದು ಎನ್ನುವುದೊಂದೇ ಕರಾರು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳುಗಳು. ನೆಟ್ಟ ಮೊದಲ ವಾರದಲ್ಲೇ ಜಡಿಮಳೆ ಹಿಡಿದರೆ ಎಸಳು ಕೊಳೆಯುತ್ತದೆ. ಅದಕ್ಕೇ ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಅರ್ಧ ಪಾಲು ದಪ್ಪ ಮರಳು ಬೆರೆಸಿ, ಮೇಲೊಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಹದವಾಗುತ್ತದೆ. ಕೋಕೋಪೀಟ್ ಹೆಚ್ಚಾದರೆ ಈ ಬೆಳೆಗೆ ಆಗದು, ನೀರು ಹಿಡಿದುಕೊಂಡೇ ಕೂರುತ್ತದೆ. ಬಿಸಿಲು ಮಾತ್ರ ದಿನಕ್ಕೆ ಆರು ಗಂಟೆಯಾದರೂ ಬೇಕು. ಅರೆ ನೆರಳಿನ ಬಾಲ್ಕನಿ ಗರಿಗೆ ಸಾಕು, ಗಡ್ಡೆಗೆ ಸಾಲದು.

ನೆಡುವ ಹಿಂದಿನ ದಿನ ಗಡ್ಡೆ ಬಿಡಿಸಿ. ಮೊದಲೇ ಬಿಡಿಸಿಟ್ಟರೆ ಎಸಳಿನ ಬುಡ ಒಣಗಿ ಬೇರು ಬಿಡಲು ತಡವಾಗುತ್ತದೆ. ಸಿಪ್ಪೆ ಸುಲಿಯಬಾರದು. ಹೊರಸುತ್ತಿನ ದಪ್ಪ ಎಸಳುಗಳನ್ನು ನೆಡಲು ತೆಗೆದಿಟ್ಟು, ಒಳಗಿನ ತೆಳ್ಳನೆಯವನ್ನು ಒಗ್ಗರಣೆಗೆ ಕಳಿಸಿ. ಇಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ದಪ್ಪದ್ದನ್ನು ತಿಂದು, ಸುಲಿಯಲಾಗದ ಚೂರುಗಳನ್ನು ಮಣ್ಣಿಗೆ ಹಾಕುತ್ತಾರೆ. ಎಸಳಿನ ಗಾತ್ರವೇ ಗಿಡದ ಬಂಡವಾಳ. ಸಣ್ಣ ಎಸಳು ಸಣ್ಣ ಗಡ್ಡೆಯನ್ನೇ ಕೊಡುತ್ತದೆ. ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ, ಮೇಲೆ ಒಂದು ಇಂಚು ಮಣ್ಣು, ಎಸಳಿಂದ ಎಸಳಿಗೆ ನಾಲ್ಕು ಇಂಚು ಅಂತರ. ಹನ್ನೆರಡು ಇಂಚಿನ ಕುಂಡದಲ್ಲಿ ಆರೇಳು ಎಸಳು ಹಿಡಿಸುತ್ತವೆ. ಮೇಲೆ ಭತ್ತದ ಹುಲ್ಲನ್ನೋ ಕಬ್ಬಿನ ರವದಿಯನ್ನೋ ತೆಳುವಾಗಿ ಹರಡಿದರೆ ಕಳೆಯ ಕಾಟ ತಪ್ಪುತ್ತದೆ, ಮಣ್ಣೂ ತಂಪಾಗಿರುತ್ತದೆ.

ಮೊದಲ ಎರಡು ತಿಂಗಳು ಗರಿ ಬೆಳೆಸುವ ಕಾಲ. ಈ ಹೊತ್ತಿನಲ್ಲಿ ಗಿಡಕ್ಕೆ ಸಾರಜನಕ ಬೇಕು. ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ಹದಿನೈದು ದಿನಕ್ಕೊಮ್ಮೆ ಹಾಕಿದರೆ ಸಾಕು. ಗಂಧಕವೂ ಬೇಕು, ಏಕೆಂದರೆ ಬೆಳ್ಳುಳ್ಳಿಯ ಘಾಟೆಲ್ಲ ಗಂಧಕದ ಸಂಯುಕ್ತಗಳದ್ದೇ. ಕುಂಡಕ್ಕೆ ಒಂದು ಚಮಚ ಜಿಪ್ಸಮ್ ಬೆರೆಸಿದರೆ ಆ ಕೊರತೆ ನೀಗುತ್ತದೆ. ಆ ವಾಸನೆಯದ್ದೊಂದು ವಿಶೇಷವಿದೆ: ಇಡೀ ಎಸಳಿಗೆ ಅದು ಇಲ್ಲವೇ ಇಲ್ಲ ಎನ್ನಬೇಕು. ಆಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಬೇರೆಬೇರೆ ಇರುತ್ತವೆ. ಜಜ್ಜಿದಾಗ ಎರಡೂ ಕೂಡಿ ಆಲಿಸಿನ್ ಹುಟ್ಟುತ್ತದೆ, ಅದೇ ಘಾಟು. ಮಣ್ಣೊಳಗೆ ಕಚ್ಚಲು ಬಂದ ಹುಳುವಿಗೆ ಕಾದಿರುವ ಶಿಕ್ಷೆ ಅದು. ಬೆಂಕಿಯ ಶಾಖಕ್ಕೆ ಕಿಣ್ವ ಕೆಲಸ ನಿಲ್ಲಿಸುವುದರಿಂದ, ಜಜ್ಜಿದ ಮೇಲೆ ಹತ್ತು ನಿಮಿಷ ಬಿಟ್ಟು ಬಾಣಲೆಗೆ ಹಾಕುವುದು ಒಳ್ಳೆಯದು ಎನ್ನುತ್ತಾರೆ.

ಎರಡು ತಿಂಗಳು ಕಳೆದ ಮೇಲೆ ಹಿಂಡಿ ನೀರು ನಿಲ್ಲಿಸಲೇಬೇಕು. ಗಿಡ ಸೊರಗಿದೆಯಲ್ಲ ಎಂದು ಕರುಣೆಯಿಂದ ಗೊಬ್ಬರ ಹಾಕುವವರ ಕುಂಡದಲ್ಲಿ ಎಸಳುಗಳು ಮಣ್ಣೊಳಗೇ ಮತ್ತೆ ಚಿಗುರಿ, ಗಡ್ಡೆ ಬಿರಿದು ಪೊದೆಯಾಗುತ್ತದೆ. ನೀರೂ ಅಷ್ಟೇ. ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ರೋಗ, ಕೀಟದಲ್ಲಿ ನಿಜವಾಗಿ ಕಾಡುವುದು ಥ್ರಿಪ್ಸ್ ನುಸಿ. ಗರಿಯ ಮೇಲೆ ಬೆಳ್ಳಿಯ ಗೀರು ಎಳೆದಂತೆ ಕಂಡರೆ, ತುದಿ ಸುರುಟಿದರೆ, ಗರಿಗಳು ಕೂಡುವ ಸಂದಿಯಲ್ಲಿ ಅವು ಕುಳಿತಿರುತ್ತವೆ ಎಂದೇ ಲೆಕ್ಕ. ಸಾವಯವ ಕೃಷಿಕರು ಬೇರೆ ಬೆಳೆಗಳ ಕೀಟ ಓಡಿಸಲು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸಿಂಪಡಿಸುತ್ತಾರೆ. ಆ ಬೆಳ್ಳುಳ್ಳಿಯನ್ನೇ ಈ ನುಸಿ ಸಲೀಸಾಗಿ ಹೀರಿ ಬದುಕುತ್ತದೆ! ಸಂದಿಗೆ ಜೋರಾಗಿ ನೀರು ಹೊಡೆದು ತೊಳೆಯುವುದು ಮೊದಲ ಮದ್ದು. ಬಗ್ಗದಿದ್ದರೆ ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ನೀಲಿ ಬಣ್ಣದ ಅಂಟು ಹಾಳೆಯೂ ಇವನ್ನು ಸೆಳೆಯುತ್ತದೆ. ಇಬ್ಬನಿ, ಮೋಡ ಹೆಚ್ಚಿರುವ ದಿನಗಳಲ್ಲಿ ಗರಿಯ ಮೇಲೆ ನೇರಳೆ ಮಚ್ಚೆ ಬರುವುದುಂಟು. ಅಂಥ ಗರಿಯನ್ನು ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ.

ನೆಟ್ಟು ನಾಲ್ಕರಿಂದ ನಾಲ್ಕೂವರೆ ತಿಂಗಳಿಗೆ, ಅಂದರೆ ಶಿವರಾತ್ರಿ ಕಳೆದ ಮೇಲೆ, ಕೆಳಗಿನ ಗರಿಗಳು ಹಳದಿಯಾಗಿ ಕತ್ತು ಮೆತ್ತಗಾಗಿ ಬಾಗತೊಡಗುತ್ತದೆ. ಆಗ ನೀರು ಪೂರಾ ನಿಲ್ಲಿಸಿ ಹತ್ತು ದಿನ ಬಿಡಿ. ಎಲ್ಲ ಗರಿಯೂ ಒಣಗಲಿ ಎಂದು ಕಾಯಬಾರದು. ಗಡ್ಡೆಯ ಮೇಲಿನ ಒಂದೊಂದು ಪದರ ಸಿಪ್ಪೆಯೂ ಒಂದೊಂದು ಗರಿಯ ಬುಡವೇ. ಗರಿ ಸತ್ತಷ್ಟೂ ಸಿಪ್ಪೆ ಕೊಳೆತು ಎಸಳು ಬಿಚ್ಚಿಕೊಳ್ಳುತ್ತದೆ, ಅಂಥದ್ದು ಬಾಳಿಕೆ ಬರುವುದಿಲ್ಲ. ಗರಿ ಹಿಡಿದು ಎಳೆಯದೆ ಪಕ್ಕದ ಮಣ್ಣು ಸಡಿಲಿಸಿ ಎತ್ತಿ, ತೊಳೆಯದೆ, ಗರಿ ಸಮೇತ ನೆರಳಿನಲ್ಲಿ ಗಾಳಿಯಾಡುವಲ್ಲಿ ಎರಡು ವಾರ ಒಣಗಿಸಿ. ಹಳ್ಳಿಮನೆಗಳಲ್ಲಿ ಗರಿಗಳನ್ನು ಸೇರಿಸಿ ಜಡೆ ಹೆಣೆದು ಅಟ್ಟದ ತೊಲೆಗೆ ನೇತುಹಾಕುವುದು ಅಲಂಕಾರಕ್ಕಲ್ಲ, ಸುತ್ತಲೂ ಗಾಳಿ ತಾಗಲಿ ಎಂದು. ಒಣಗಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ನೆಡುವ ಕಾಲ ಬಂತೆಂದು ತಿಳಿದು ಮೊಳೆಯುತ್ತದೆ, ಹೊರಗಿನ ಬುಟ್ಟಿಯೇ ಸರಿ. ಸುಲಿದ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಅಭ್ಯಾಸ ಮಾತ್ರ ಬೇಡ. ಗಾಳಿಯಿಲ್ಲದ ಆ ಎಣ್ಣೆಯಲ್ಲಿ ಬೊಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ತರುವ ವಿಷ ಹುಟ್ಟಬಹುದು.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ಒಂದು ಕುಂಡಕ್ಕೆ ಆರು ಗಡ್ಡೆ, ಚೆನ್ನಾಗಿ ಬಂದರೆ ನೂರು, ನೂರಿಪ್ಪತ್ತು ಗ್ರಾಂ. ವಾರಕ್ಕೊಮ್ಮೆ ಚಟ್ನಿಪುಡಿ ಕುಟ್ಟುವ ಮನೆಗೆ ಇದು ಯಾವ ಮೂಲೆಗೂ ಸಾಲದು. 2024ರಲ್ಲಿ ಬೆಳ್ಳುಳ್ಳಿ ಬೆಲೆ ಕಿಲೋಗೆ 400 ರೂಪಾಯಿ ದಾಟಿದಾಗ ಎಷ್ಟೋ ಮನೆಗಳ ತಾರಸಿಗೆ ಕುಂಡಗಳು ಬಂದವು. ಬೆಲೆಗೆ ಹೆದರಿ ಬೆಳೆಯುವುದಾದರೆ ಈ ಬೆಳೆ ಬೇಡ ಎಂದೇ ಹೇಳುತ್ತೇನೆ, ಜಾಗ ಮತ್ತು ಕಾಲದ ಲೆಕ್ಕದಲ್ಲಿ ಅದು ಗಿಟ್ಟುವುದಿಲ್ಲ.

ಗಿಟ್ಟುವುದು ಗರಿ. ಅದನ್ನು ಮಾರುಕಟ್ಟೆಯಲ್ಲಿ ಹುಡುಕಿದರೂ ನಮ್ಮಲ್ಲಿ ಸುಲಭಕ್ಕೆ ಸಿಗದು. ಗುಜರಾತಿನವರು ಚಳಿಗಾಲದ ಊಂಧಿಯುಗೆ ಹಸಿ ಬೆಳ್ಳುಳ್ಳಿ ಗರಿಯನ್ನು ಕಟ್ಟುಗಟ್ಟಲೆ ಕೊಳ್ಳುತ್ತಾರೆ, ನಮಗೆ ಆ ರುಚಿಯ ಪರಿಚಯವೇ ಕಡಿಮೆ. ಗಡ್ಡೆಗೆ ಬಾರದ ತೆಳ್ಳನೆಯ ಎಸಳುಗಳನ್ನು ಅಗಲದ ಬಟ್ಟಲಿನಲ್ಲಿ ಒಂದಕ್ಕೊಂದು ತಾಗುವಷ್ಟು ಒತ್ತಾಗಿ ನೆಟ್ಟರೆ, ತಿಂಗಳ ಮೇಲೆ ಕೆಲವು ದಿನಕ್ಕೆ ಮೊದಲ ಕಟಾವು ಸಿಗುತ್ತದೆ. ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿದರೆ ಇನ್ನೂ ಒಂದೆರಡು ಸಲ ಚಿಗುರುತ್ತದೆ. ಅಕ್ಕಿರೊಟ್ಟಿಯ ಹಿಟ್ಟಿಗೆ ಸಣ್ಣಗೆ ಹೆಚ್ಚಿ ಹಾಕಿ, ಇಲ್ಲವೇ ಹಸಿಮೆಣಸಿನಕಾಯಿ, ಹುರಿದ ಶೇಂಗಾ ಜೊತೆ ಅರೆದು ರೊಟ್ಟಿಗೆ ಹಚ್ಚಿಕೊಳ್ಳಿ. ಇದಕ್ಕೆ ಚಳಿಯ ಲೆಕ್ಕವಿಲ್ಲ, ಹಗಲಿನ ಲೆಕ್ಕವಿಲ್ಲ, ಕರಾವಳಿಯ ಬಾಲ್ಕನಿಯೂ ಆದೀತು.

ಕುಂಡ ಅಗೆಯುವಾಗ ಕೆಲವು ಗಿಡದ ಬುಡದಲ್ಲಿ ಎಸಳಾಗಿ ಒಡೆಯದ ಒಂದೇ ದುಂಡು ಗಡ್ಡೆ ಸಿಗುವುದುಂಟು. ನೆಟ್ಟ ಎಸಳು ತೀರಾ ಸಣ್ಣದಾಗಿದ್ದರೆ, ತಡವಾಗಿ ನೆಟ್ಟಿದ್ದರೆ, ಇಲ್ಲವೇ ಚಳಿ ಸಾಲದಿದ್ದರೆ ಹೀಗಾಗುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಒಂಟಿ ಬೆಳ್ಳುಳ್ಳಿ ಎಂದು ಔಷಧಿಗಾಗಿ ದುಬಾರಿ ಬೆಲೆಗೆ ಮಾರುವುದೂ ಇಂಥ ದುಂಡು ಗಡ್ಡೆಯನ್ನೇ. ಕೆಟ್ಟ ಫಸಲೆಂದು ಎಸೆಯಬೇಡಿ, ಜಜ್ಜಿ ಹಾಕಿ ಮುಗಿಸಲೂ ಬೇಡಿ. ಒಣಗಿಸಿಟ್ಟು ಮುಂದಿನ ಅಕ್ಟೋಬರ್‌ನಲ್ಲಿ ಅದನ್ನೇ ನೆಟ್ಟರೆ, ದಪ್ಪ ಎಸಳಿನಷ್ಟೇ ಬಂಡವಾಳ ಇರುವುದರಿಂದ ಆ ಸಲ ಚಳಿ ತಾಕಿ ಎಸಳಾಗಿ ಒಡೆದ ಪೂರ್ತಿ ಗಡ್ಡೆ ಕೊಡುತ್ತದೆ.